ಗಡಿಗೆಯಲ್ಲಿ ನಗುವ ಊರು

ಆ ಊರಿನಲ್ಲಿ ಹೆಂಗಸರು ಗಡಿಗೆಯೊಳಗೆ ನಗಬೇಕಿತ್ತು.

ಹೆಣ್ಣು ಕೂಸು ಹುಟ್ಟಿದ ಮನೆಗೆ ಕುಂಬಾರ ಬಂದು ತೊಟ್ಟಿಲ ಕೆಳಗೆ ಒಂದು ಹೊಸ ಗಡಿಗೆ ಇಟ್ಟು ಹೋಗುತ್ತಿದ್ದ. ಕೂಸಿಗೆ ಹೆಸರಿಡುವ ಮೊದಲೇ ಗಡಿಗೆಗೆ ಕುಂಕುಮ ಹಚ್ಚುತ್ತಿದ್ದರು. ಕೂಸು ಬೆಳೆದು ನಗು ಎಂದರೇನು ಎಂದು ತಿಳಿಯುವ ಹೊತ್ತಿಗೆ, ಅದನ್ನು ಎಲ್ಲಿ ಇಡಬೇಕು ಎಂಬುದೂ ತಿಳಿದಿರುತ್ತಿತ್ತು. ನಗು ಬಂದರೆ ತುಟಿ ಕಚ್ಚಬೇಕು. ಒಳಗೆ ಓಡಬೇಕು. ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕು. ಮುಖ ಬಗ್ಗಿಸಬೇಕು, ನಗಬೇಕು, ಮತ್ತೆ ಕಟ್ಟಬೇಕು. ಬಾವಿಯ ಹತ್ತಿರ ನಗು ಬಂದರೆ ಬಾಯಲ್ಲಿ ನೀರು ಹಿಡಿದ ಹಾಗೆ ಹಿಡಿದುಕೊಂಡು ಮನೆಗೆ ಬರಬೇಕು. ದೂರದ ಹೊಲದಲ್ಲಿ ಬಂದರೆ ನುಂಗಬೇಕು. ನುಂಗಿ ನುಂಗಿ ಆ ಊರಿನ ಹೆಂಗಸರಿಗೆಲ್ಲ ಎದೆಯುರಿ ಇತ್ತು. ಅದಕ್ಕೆ ಜೀರಿಗೆ ಕಷಾಯ ಕುಡಿಯುತ್ತಿದ್ದರು.

ಗಂಡಸರು ಎಲ್ಲಿ ಬೇಕಾದರೂ ನಗಬಹುದಿತ್ತು. ಅದಕ್ಕೆ ಕಾರಣ ಕೂಡ ಬೇಕಿರಲಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಎಲ್ಲ ಊರುಗಳಲ್ಲೂ ಇದೆ. ಆ ಊರು ಮಾತ್ರ ಅದನ್ನು ಹೆಣ್ಣಿಗೇ ಹೇಳಿದ್ದು ಅಂದುಕೊಂಡಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುತ್ತಿರಲಿಲ್ಲ. ಗಡಿಗೆ ತರಿಸಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು ಕೇಳುತ್ತಿದ್ದರು. ಸದ್ದು ಮಂದವಾಗಿದ್ದರೆ ತುಂಬಿದ ಗಡಿಗೆ, ಮರ್ಯಾದಸ್ಥ ಮನೆ. ಟಣ್ ಎಂದರೆ ಎದ್ದು ಹೋಗುತ್ತಿದ್ದರು, ಕೊಟ್ಟ ಅವಲಕ್ಕಿಯನ್ನೂ ಮುಟ್ಟುತ್ತಿರಲಿಲ್ಲ. ಹೆಣ್ಣು ಸತ್ತರೆ ಅವಳ ಗಡಿಗೆಯನ್ನು ಬಾಯಿ ಬಿಚ್ಚದೆ ಅವಳ ಜೊತೆಗೇ ಹೂಳುತ್ತಿದ್ದರು. ಹಾಗಾಗಿ ಗಡಿಗೆಗಳಲ್ಲಿ ಏನಿದೆ ಎಂದು ಆ ಊರಿನಲ್ಲಿ ಯಾರೂ ಕೇಳಿದವರಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಆ ಊರಿನಲ್ಲಿ ಒಬ್ಬ ವಿಧವೆಗೆ ಒಬ್ಬ ಮಗಳು, ಒಬ್ಬ ಮಗ. ಮಗಳು ದೊಡ್ಡವಳು. ಅವಳನ್ನು ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿ ಕಳಿಸಿದ್ದರು. ಗಂಡ ದಿನಾ ಸಂಜೆ ಅವಳ ಗಡಿಗೆ ಬಾರಿಸಿ ನೋಡುತ್ತಿದ್ದ. ಟೊಳ್ಳು ಸದ್ದು ಬಂದರೆ, "ನಮ್ಮ ಮನಿಯಾಗ ನಿನಗ ನಗು ಬರೂದಿಲ್ಲೇನ?" ಎಂದು ಹೊಡೆಯುತ್ತಿದ್ದ. ಹೊಡೆತ ತಿಂದವಳಿಗೆ ನಗು ಎಲ್ಲಿಂದ ಬರಬೇಕು? ಗಡಿಗೆ ಟೊಳ್ಳಾಗಿಯೇ ಉಳಿಯಿತು, ಹೊಡೆತ ಹೆಚ್ಚಿತು. ಒಂದು ದಿನ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ತವರಿಗೆ ನಡೆದು ಬಂದಳು. ತಾಯಿ ಒಳಗೆ ಕರೆದು ಕೂರಿಸಿದಳು. ಬೆನ್ನಿಗೆ ಅರಿಸಿನ ಹಚ್ಚಿದಳು.

ಒಂದು ಸಂಜೆ ಅವಳು ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಬಳಿದು ಗುಡ್ಡೆ ಮಾಡುತ್ತಿದ್ದಳು. ಕೆಳಗೆ ಬೀದಿಯಲ್ಲಿ ಒಂದು ಮೇಕೆ, ಯಾರದೋ ಕಟ್ಟೆಯ ಮೇಲಿಟ್ಟಿದ್ದ ರುಮಾಲನ್ನು ಬಾಯಲ್ಲಿ ಕಚ್ಚಿಕೊಂಡು, ಪಂಚಾಯಿತಿಗೆ ಹೊರಟ ಹಿರಿಯರ ಗತ್ತಿನಲ್ಲಿ ನಡೆದು ಹೋಗುತ್ತಿತ್ತು. ಅದರ ಹಿಂದೆ ಬೋಳುತಲೆಯ ಯಜಮಾನ ಓಡುತ್ತಿದ್ದ. ಗಡಿಗೆ ಕೆಳಗಿತ್ತು, ಏಣಿ ಆ ತುದಿಗಿತ್ತು, ತುಟಿ ಕಚ್ಚಿದರೂ ನಿಲ್ಲಲಿಲ್ಲ. ಅವಳು ನಕ್ಕುಬಿಟ್ಟಳು.

ಬೀದಿ ನಿಂತಿತು. ಮೇಕೆಯೂ ನಿಂತಿತು. ಹೆಣ್ಣಿನ ನಗು ಹೇಗಿರುತ್ತದೆ ಎಂದು ಆ ಊರು ಮೊಟ್ಟಮೊದಲು ಕೇಳಿದ್ದು ಆವತ್ತು.

ಮರುದಿನ ಅದೇ ಹೊತ್ತಿಗೆ ಊರಿನ ಅರ್ಧ ಜನಕ್ಕೆ ಆ ಬೀದಿಯಲ್ಲೇ ಕೆಲಸ ಬಿತ್ತು. ಒಬ್ಬ ಚಪ್ಪಲಿಯ ಮುಳ್ಳು ಕೀಳುತ್ತಿದ್ದ. ಒಬ್ಬ ಇಲ್ಲದ ಎಮ್ಮೆಯನ್ನು ಹುಡುಕುತ್ತಿದ್ದ. ಮಗಳು ಮಾಳಿಗೆಯಿಂದ ಬಗ್ಗಿ ನೋಡಿದಳು. ಅಷ್ಟೊಂದು ಜನ ತನ್ನ ಕಡೆಗೆ ಮುಖ ಎತ್ತಿ ನಿಂತದ್ದು ಕಂಡು ಅವಳಿಗೆ ಖುಷಿಯಾಯಿತು. ಖುಷಿಯಾಯಿತು ಎಂದು ಹೇಳುವುದಕ್ಕೆ ನನಗೇನೂ ನಾಚಿಕೆ ಇಲ್ಲ, ಅವಳಿಗೂ ಇರಲಿಲ್ಲ. ಅಲ್ಲಿಯವರೆಗೆ ಯಾರಾದರೂ ಅವಳತ್ತ ಕೈ ಎತ್ತಿದ್ದು ಹೊಡೆಯುವುದಕ್ಕೆ ಮಾತ್ರ. ಅವಳು ಮತ್ತೆ ನಕ್ಕಳು, ಈ ಸಲ ಮೇಕೆ ಇಲ್ಲದೆ.

ಹಾಗೆ ಅದು ದಿನದ ಪದ್ಧತಿಯಾಯಿತು. ಸಂಜೆಯಾದರೆ ಅವಳು ಕೆಂಪು ಸೀರೆ ಉಟ್ಟು, ಹೂ ಮುಡಿದು ಮಾಳಿಗೆ ಹತ್ತುತ್ತಿದ್ದಳು. ಅಂಗಡಿಯವನು ತೂಕ ಹಾಕುವಾಗ ಹೇಗೆ ನಗುತ್ತಾನೆ, ಗಂಡ ಹೊಡೆಯುವ ಮುಂಚೆ ಹೇಗೆ ನಗುತ್ತಾನೆ, ಹಿರಿಯರು ಹಿರಿಯರ ಮಾತಿಗೆ ಹೇಗೆ ನಗುತ್ತಾರೆ, ಎಲ್ಲವನ್ನೂ ನಕ್ಕು ತೋರಿಸುತ್ತಿದ್ದಳು. "ನಾಳೆ ಬರ್ರಿ, ನಿಮ್ಮ ಹೆಂಡ್ರು ನಿಮ್ಮನ್ನ ನೋಡಿ ಗಡಿಗ್ಯಾಗ ಹ್ಯಾಂಗ ನಗತಾರ ಅಂತ ತೋರಸ್ತೀನಿ," ಎಂದು ಕೂಗುತ್ತಿದ್ದಳು. ಮರುದಿನ ಜಾಗ ಸಾಲದೆ ಗಿಡ ಹತ್ತಿ ಕೂತವರಿದ್ದರು.

ಊರು ಅವಳನ್ನು ಬೈಯದ ದಿನವಿರಲಿಲ್ಲ. ನೋಡದ ದಿನವೂ ಇರಲಿಲ್ಲ. ಬೆಳಿಗ್ಗೆ ಅವಳ ಬಾಗಿಲಿಗೆ ಸಗಣಿ ಎಸೆದು ಹೋದ ಕೈಯೇ ಸಂಜೆ ಸೇರು ಜೋಳ, ಬೆಲ್ಲದ ಅಚ್ಚು ಇಟ್ಟು ಹೋಗುತ್ತಿತ್ತು. ತಾಯಿ ಸಗಣಿಯಲ್ಲಿ ಕುಳ್ಳು ತಟ್ಟಿದಳು, ಬೆಲ್ಲದಲ್ಲಿ ಹೋಳಿಗೆ ಮಾಡಿದಳು. ಮೂರು ಹೊಟ್ಟೆ ತುಂಬಿತು. ಮಗ ಅದೇ ಜೋಳದಲ್ಲಿ, ಅದೇ ಬೆಲ್ಲದಲ್ಲಿ ಪೇಟೆಯ ಮೂಲೆಗೊಂದು ಕಿರಾಣಿ ಅಂಗಡಿ ಇಟ್ಟ, ಜರಿಯಂಚಿನ ರುಮಾಲು ಸುತ್ತಿದ. ಅವನಿಗೆ ಹೆಣ್ಣು ಗೊತ್ತಾಯಿತು.

ಹೆಂಗಸರು ಅವಳನ್ನು ಗಂಡಸರಿಗಿಂತ ಜೋರಾಗಿ ಬೈಯುತ್ತಿದ್ದರು. ಬೈದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಬೆಳಕಿಂಡಿಯ ಕೆಳಗೆ ಗಡಿಗೆ ಇಟ್ಟುಕೊಂಡು ಕೂರುತ್ತಿದ್ದರು. ಮೇಲಿನಿಂದ ಅವಳ ನಗು ಇಳಿದು ಬರುತ್ತಿತ್ತು. ಎಷ್ಟೋ ಸಲ ಅವರಿಗೆ ಮುಖ ಬಗ್ಗಿಸುವುದೇ ಮರೆತು ಹೋಗುತ್ತಿತ್ತು.

ತಾಯಿಯ ಗಡಿಗೆ ಊರಿಗೇ ಹೆಸರಾದದ್ದು. ಬಾರಿಸಿದರೆ ಕಲ್ಲು ಬಾರಿಸಿದ ಹಾಗೆ. ಅಂಥವಳ ಹೊಟ್ಟೆಯಲ್ಲಿ ಇಂಥವಳು ಎಂದು ಜನ ಮುಖಕ್ಕೇ ಹೇಳುತ್ತಿದ್ದರು. "ಸಣ್ಣಗ ನಗವ್ವಾ, ನೆರಿಮನಿತನಾ ಸಾಕು. ಊರ ತುಂಬ ಯಾಕ?" ಎಂದು ತಾಯಿ ದಿನಾ ಗೊಣಗುತ್ತಿದ್ದಳು. ಆದರೆ ಆ ಏಣಿ ಅಲುಗಾಡುತ್ತಿತ್ತು. ಮಗಳು ಹತ್ತುವಾಗ, ಇಳಿಯುವಾಗ ಅದರ ಬುಡ ಹಿಡಿದು ನಿಲ್ಲುತ್ತಿದ್ದವಳು ಅವಳೇ.

ಊರಿನ ನಡುವೆ ಗಡಿಗೆಗಳ ಹಿರಿಯ ಒಬ್ಬನಿದ್ದ. ಯಾರ ಗಡಿಗೆ ತುಂಬಿದೆ, ಯಾರದು ಟೊಳ್ಳು ಎಂದು ತೀರ್ಪು ಹೇಳುವ ಬೆರಳು ಅವನದು. ಒಂದು ಮಧ್ಯಾಹ್ನ, ಊರು ಉಂಡು ಮಲಗಿದ್ದಾಗ, ಅವನು ಹಿತ್ತಲ ಬಾಗಿಲಿನಿಂದ ಬಂದು ಮಗಳ ಮುಂದೆ ನಿಂತ.

"ತಂಗಿ, ಹುಟ್ಟಿದಾಗಿಂದ ಗಡಿಗಿ ಕಾದೀನಿ," ಎಂದ. "ಒಳಗ ಏನೈತಿ ಅಂತ ಒಮ್ಮಿನೂ ಕೇಳಿಲ್ಲ. ಮಾಳಗಿ ಮ್ಯಾಲಿಂದ ಕೇಳಿದ್ದು ಸಾಲವಲ್ತು. ನನಗೊಬ್ಬಗ, ಹತ್ತಿರದಿಂದ, ಒಮ್ಮೆ ನಗು."

"ಊರ ಮುಂದ ಬಂದು ಕೇಳ್ರಿ, ಅಜ್ಜಾರ."

"ಊರ ಮುಂದ ನಾನು ಹಿರಿಯ ಅದೀನವ್ವಾ."

ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಕನಿಕರ ಬಂತು, ನಕ್ಕಳು. ಮುದುಕನೂ ನಕ್ಕ, ಕೆಮ್ಮು ಬರುವವರೆಗೂ ನಕ್ಕ, ಕಣ್ಣೊರೆಸಿಕೊಂಡು ಹೋದ. ಹೋಗುವಾಗ ಶಾಲು ಮರೆತ.

ಅದೇ ಸಂಜೆ ಅವನು ಅವಳ ಮನೆಯ ಎದುರಿನ ಊರಕಟ್ಟೆಯ ಮೇಲೆ ನಿಂತು, ನಗುವವಳನ್ನು ಊರು ಬಿಡಿಸಬೇಕು ಎಂದು ಸಾರಿದ. ಬಹುಶಃ ಹೆದರಿದ್ದ. ಹೆದರಿದ ಹಿರಿಯರಷ್ಟು ಕೆಟ್ಟವರು ಲೋಕದಲ್ಲಿ ಇಲ್ಲ. ಮಗಳು ಮಾಳಿಗೆಯ ಅಂಚಿಗೆ ಬಂದಳು. ಹೆಗಲ ಮೇಲೆ ಅವನ ಶಾಲು ಹೊದ್ದಿದ್ದಳು.

"ಅಜ್ಜಾರ, ಮಧ್ಯಾಹ್ನ ನಮ್ಮ ಹಿತ್ತಲದಾಗ ಶಾಲು ಬಿಟ್ಟು ಹೋಗೀರಿ. ಇಳಸಲೋ, ನೀವ ಬರತೀರೋ?"

ಇಡೀ ಊರು ನಕ್ಕಿತು. ಆವತ್ತು ಮೊದಲ ಸಲ ಊರು ಅವಳ ಜೊತೆಗೆ, ಹಿರಿಯನನ್ನು ನೋಡಿ ನಕ್ಕಿತು. ನಕ್ಕು ಮನೆಗೆ ಹೋದ ಮೇಲೆ ಜನಕ್ಕೆ ಸಿಟ್ಟು ಬಂತು. ತಮ್ಮನ್ನು ಹಾಗೆ ನಗಿಸಿದ್ದನ್ನು ಅವರು ಕ್ಷಮಿಸಲಿಲ್ಲ.

ಮರುದಿನ ಹಿರಿಯ ಅವಳ ತಮ್ಮನ ಅಂಗಡಿಗೆ ಬಂದ. ಬೈಯಲಿಲ್ಲ. ಅಂಗಡಿಯ ಮುಂದಿದ್ದ ಖಾಲಿ ನೀರಿನ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಾರಿಸಿದ. ಟಣ್. ಅಷ್ಟೇ, ಹೋದ.

ಆಮೇಲೆ ಊರು ಬಾರಿಸತೊಡಗಿತು. ಅವಳ ತಮ್ಮ ಬೀದಿಯಲ್ಲಿ ನಡೆದರೆ ಕದದ ಮೇಲೆ ಟಣ್. ಬಾವಿಗೆ ಹೋದರೆ ಕೊಡದ ಮೇಲೆ ಟಣ್. ಮಾತಿಲ್ಲ, ಬೈಗುಳವಿಲ್ಲ, ಅವನು ತಿರುಗಿ ನೋಡಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಎಲೆಯಡಿಕೆ ಕೊಳ್ಳಲು ಬಂದವರು ಬಾಯಿ ತುಂಬ ಮಾತಾಡಿ, ಹೊರಡುವಾಗ ತಕ್ಕಡಿಯ ತಟ್ಟೆಗೆ ಟಣ್ ಎನಿಸಿ ಹೋಗುತ್ತಿದ್ದರು. ಗೊತ್ತಾಗಿದ್ದ ಹೆಣ್ಣಿನ ತಂದೆ ಬಂದು, ಕೊಟ್ಟ ಮಾತು ಹಿಂದೆ ತೆಗೆದುಕೊಂಡು, ಹೊಸ್ತಿಲಿಗೂ ಒಮ್ಮೆ ಬಾರಿಸಿ ಹೋದ. ಮರಕ್ಕೆ ಟಣ್ ಎಂಬ ಸದ್ದು ಬರುವುದಿಲ್ಲ. ಆದರೂ ತಮ್ಮನ ಕಿವಿಗೆ ಹಾಗೇ ಕೇಳಿಸಿತು.

ಅವನು ಅಕ್ಕನ ಗಡಿಗೆಯನ್ನು ಎತ್ತಿ ತಂದು ಅವಳ ಮುಂದಿಟ್ಟ.

"ಅಕ್ಕಾ, ನಿನ್ನ ಕಾಲು ಬೀಳತೀನಿ. ಊರಕಟ್ಟಿ ಮ್ಯಾಲ ಬಾ. ಎಲ್ಲಾರ ಮುಂದ ಒಮ್ಮೆ ಇದರಾಗ ನಗು. ಸಾಕು, ಇಷ್ಟಕ್ಕ ಮುಗಿಸೂಣು."

"ಆಗೂದಿಲ್ಲಪಾ."

"ಯಾಕ ಆಗೂದಿಲ್ಲ? ಲೋಕದ ಹೆಂಗಸರೆಲ್ಲ ನಗೂದಿಲ್ಲೇನು?"

"ಅದರಾಗ ಮುಖಾ ಇಟ್ಟರ ನನಗ ನನ್ನ ಉಸರಿನ ವಾಸನಿ ಬಿಟ್ಟರ ಏನೂ ಬರೂದಿಲ್ಲ. ನಗು ಎಲ್ಲಿಂದ ತರಲಿ?" ಅವಳು ಅವನ ಕೆನ್ನೆ ಮುಟ್ಟಿದಳು. "ತಮ್ಮಾ, ಹೋಳಿಗಿ ಉಣ್ಣುವಾಗ ನಿನಗ ಈ ಗಡಿಗಿ ನೆನಪಾಗಲಿಲ್ಲಲಾ."

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ. ಇವನು ಎಣಿಸಿದ್ದು ತನ್ನ ಮನೆಯದೇ ಜಂತೆ.

ತಾಯಿ ಜೋಳ ಬೀಸಲು ಹೋಗಿದ್ದಳು. ಮಗಳು ಬೆಳಕಿಂಡಿಯ ಕೆಳಗೆ ಚಾಪೆ ಹಾಸಿ ನಿದ್ದೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲು ದುಂಡಗೆ ಅವಳ ಮುಖದ ಮೇಲೆ ಬಿದ್ದಿತ್ತು. ತಮ್ಮ ಬಂದು ಗಡಿಗೆಯ ಬಟ್ಟೆ ಬಿಚ್ಚಿದ. ಅದರ ಬಾಯನ್ನು ಅವಳ ಮುಖಕ್ಕೆ ಕವುಚಿದ. ಮೊಣಕಾಲೂರಿ, ಎದೆ ಒತ್ತಿ ಹಿಡಿದ. ಅವಳ ಕೈ ಮೊದಲು ಅವನ ರುಮಾಲು ಹಿಡಿಯಿತು, ಆಮೇಲೆ ಅವನ ಕಿವಿ ಹಿಡಿಯಿತು, ಸಣ್ಣವನಿದ್ದಾಗ ಹಿಡಿದು ಆಡಿಸುತ್ತಿದ್ದ ಕಿವಿ. ಆಮೇಲೆ ಕೈ ಬಿಟ್ಟಿತು. ಅವನು ಗಡಿಗೆ ಎತ್ತಿ, ಬಾಯಿಗೆ ಬಟ್ಟೆ ಬಿಗಿದು, ಮೂಲೆಯಲ್ಲಿ ಅದರ ಜಾಗದಲ್ಲಿ ಇಟ್ಟ.

ತಾಯಿ ಹಿಟ್ಟಿನ ಬುಟ್ಟಿ ಹೊತ್ತು ಬಂದಾಗ ಅವನು ಹೊಸ್ತಿಲ ಮೇಲೆ ಕೂತಿದ್ದ. "ಅವ್ವಾ, ಇನ್ನ ಯಾರೂ ಬಾರಸೂದಿಲ್ಲ," ಎಂದ. ತಾಯಿ ಒಳಗೆ ಹೋದಳು. ಬುಟ್ಟಿ ಬಿದ್ದ ಸದ್ದಾಯಿತು. 

ಸಂಜೆ ಜನ ಎಂದಿನಂತೆ ಬಂದು ಮಾಳಿಗೆಯತ್ತ ಮುಖ ಎತ್ತಿ ನಿಂತರು. ಸುದ್ದಿ ತಿಳಿದ ಮೇಲೆ ತಮ್ಮನನ್ನು ಹೆಗಲ ಮೇಲೆ ಎತ್ತಿಕೊಂಡರು. ಸಿಂಹ ಎಂದರು. ಊರಿನ ಗಡಿಗೆ ಉಳಿಸಿದ ಎಂದರು. ಬಾಯಿಗೆ ಸಕ್ಕರೆ ಹಾಕಿದರು. ಹಾಗೆ ಹೊತ್ತುಕೊಂಡೇ ಹೋಗಿ ಊರಬಾಗಿಲ ಪಕ್ಕದ ಕಲ್ಲಿನ ಕೋಣೆಯಲ್ಲಿ ಕೂರಿಸಿದರು.

ಯಾಕೆಂದರೆ ಊರಿಗೊಂದು ಶಾಸ್ತ್ರವಿತ್ತು. ಗಡಿಗೆ ಟೊಳ್ಳೆಂದು ಮನೆಯ ಹೆಣ್ಣನ್ನು ಕೊಂದವನು ಆ ಕೋಣೆಯಲ್ಲಿ ಕೂರಬೇಕು. ಸತ್ತವಳ ತಾಯಿ ಕಟ್ಟೆಗೆ ಬಂದು, ಮಗಳ ಗಡಿಗೆಯ ಮೇಲೆ ಕೈಯಿಟ್ಟು, "ಎಲ್ಲಾ ಇದರಾಗ ಐತಿ" ಎನ್ನಬೇಕು. ಅಂದರೆ ಮುಗಿಯಿತು. ಮಗಳು ಎಂದೂ ಹೊರಗೆ ನಕ್ಕಿಲ್ಲ, ಯಾರೂ ಅವಳನ್ನು ಕೊಂದಿಲ್ಲ, ಜ್ವರ ಬಂದು ಹೋದಳು. ಮಗ ಎದ್ದು ಮನೆಗೆ ಬಂದು ಉಣ್ಣಬಹುದು. ತಾಯಿ ಹೇಳುವ ತನಕ ಅವನು ಅಲ್ಲೇ, ಸತ್ತವಳ ಗಡಿಗೆಯನ್ನೂ ಹೂಳುವ ಹಾಗಿಲ್ಲ. ಹೇಳದೆ ಸತ್ತರೆ, ಅವನು ಕಡೆತನಕ ಅಲ್ಲೇ. ಆದರೆ ಹೇಳದ ತಾಯಿ ಆ ಊರಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಆ ಕೋಣೆಗೆ ಬೀಗ ಕೂಡ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ.

ಬೆಳಿಗ್ಗೆ ತಾಯಿಯನ್ನು ಕರೆತಂದರು. ತಮ್ಮನನ್ನೂ ಕರೆತಂದು ಎದುರಿಗೆ ನಿಲ್ಲಿಸಿದರು. ಹಿರಿಯ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು, "ಹೇಳವ್ವಾ," ಎಂದ.

ತಾಯಿ ಗಡಿಗೆ ನೋಡಿದಳು. ಬೆರಳ ಗೆಣ್ಣಿನಿಂದ ತಾನೇ ಒಮ್ಮೆ ಬಾರಿಸಿದಳು. ಟಣ್ ಎಂದಿತು.

"ಇದರಾಗ ಏನೂ ಇಲ್ಲ," ಎಂದಳು. "ಅಕಿ ಕಡೀ ಉಸರು ಬಿಟ್ಟರ ಇದರಾಗ ಏನೂ ಇಲ್ಲ. ನನ್ನ ಮಗಳು ಮಾಳಗಿ ಮ್ಯಾಲ ನಿಂತು ನಕ್ಕಾಳ. ನೀವೆಲ್ಲಾ ಕೇಳೀರಿ."

ಗುಜುಗುಜು ಎದ್ದಿತು. ಹಿರಿಯ ತಗ್ಗಿದ ದನಿಯಲ್ಲಿ, "ಹೋದಾಕಿ ಹೋದಳವ್ವಾ. ಇದ್ದಾಂವನ್ನ ಉಳಿಸ್ಕೋ. ಬರೇ ಒಂದು ಮಾತು," ಎಂದ.

"ಒಂದು ಮಾತು ಅಂತ ನನಗೂ ಗೊತ್ತೈತ್ರಿ."

ಹೆಂಗಸರ ಗುಂಪಿನಿಂದ ಒಬ್ಬ ಹಣ್ಣು ಮುದುಕಿ ಮುಂದೆ ಬಂದು ಅವಳ ಕೈ ಹಿಡಿದಳು. "ಹೇಳಿಬಿಡ, ನನ್ನವ್ವಾ. ನಾವೂ ಹೇಳೀವಿ. ನಾ ಎರಡು ಸಲ ಹೇಳೀನಿ."

"ಹೇಳಿದ ಮ್ಯಾಲ ನಿದ್ದಿ ಬಂತೇನ, ಆಯಿ?"

ಮುದುಕಿ ಕೈ ಬಿಟ್ಟಳು. ಹಿಂದೆ ಹೋಗಿ ತನ್ನ ಜಾಗದಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಮಗ ಅತ್ತ. ಹಿಂದಿನ ಸಂಜೆಯ ಸಕ್ಕರೆ ಇನ್ನೂ ಅವನ ಮೀಸೆಯಲ್ಲಿತ್ತು. "ಅವ್ವಾ, ನಾನೂ ನಿನ್ನ ಮಗ ಅಲ್ಲೇನ?"

"ಹೌದಪಾ. ನೀ ನನ್ನ ಮಗ. ಅಕಿನ್ನ ಕೊಂದಾಂವನೂ ನೀನ. ಎರಡೂ ಖರೇ. ಒಂದನ್ನ ಹೇಳಿ ಒಂದನ್ನ ಮುಚ್ಚು ಅಂದರ ನನಗ ಬರೂದಿಲ್ಲ."

ಕಮ್ಮಾರನನ್ನು ಕರೆಸಿ ಬೀಗ ಮಾಡಿಸಿದರು. ಅವನು ಅಂಥ ಬೀಗ ಮಾಡಿದವನೇ ಅಲ್ಲ, ಕಣಜದ ಬೀಗವನ್ನೇ ದೊಡ್ಡದು ಮಾಡಿ ಕೊಟ್ಟ.

ಅಂದು ಮಧ್ಯಾಹ್ನ ತಾಯಿ ರೊಟ್ಟಿ ಬಡಿದಳು. ಬಟ್ಟೆಯಲ್ಲಿ ಕಟ್ಟಿಕೊಂಡು, ಊರು ನೋಡುತ್ತಿದ್ದಂತೆಯೇ ನಡೆದು ಹೋಗಿ, ಕೋಣೆಯ ಕಿಂಡಿಯಲ್ಲಿ ಇಟ್ಟಳು. ಮಗ ರೊಟ್ಟಿಯನ್ನು ಅವಳ ಮುಖಕ್ಕೇ ಎಸೆದ. ಎತ್ತಿಕೊಂಡು, ಮಣ್ಣು ಒರೆಸಿ, ಮತ್ತೆ ಇಟ್ಟು ಬಂದಳು. ಮರುದಿನವೂ ಹೋದಳು. ಅದರ ಮರುದಿನ ಅವನು ತಿಂದ.

ಅಲ್ಲಿಂದ ಅದೇ ಅವರ ಬದುಕಾಯಿತು. ಬಿಸಿಲಿರಲಿ, ಮಳೆಯಿರಲಿ, ಹಬ್ಬವಿರಲಿ, ಹೊತ್ತಿಗೆ ಸರಿಯಾಗಿ ತಾಯಿ ಬರುತ್ತಿದ್ದಳು. ಮಗ ಕಿಂಡಿಗೆ ಮುಖವಿಟ್ಟು ಕೇಳುತ್ತಿದ್ದ:

"ಇವತ್ತ ಹೇಳತಿಯೇನವ್ವಾ?"

"ಪಲ್ಲೇಕ ಉಪ್ಪು ಸರಿ ಬಿದ್ದೈತೇನ ನೋಡು."

ಒಮ್ಮೊಮ್ಮೆ ಅವನು ಬೈಯುತ್ತಿದ್ದ, ಒಮ್ಮೊಮ್ಮೆ ಅವಳ ಬೆರಳು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಅವನ ಗಡ್ಡದಲ್ಲಿ ಬಿಳಿ ಕೂದಲು ಬಂತು. ಅವಳು ಕಿಂಡಿಯಲ್ಲಿ ಕೈ ಹಾಕಿ ಅದನ್ನು ಬಾಚುತ್ತಿದ್ದಳು. ಬಾಚುತ್ತ ಅಳುತ್ತಿದ್ದಳು. ಅಳುವುದಕ್ಕೆ ಆ ಊರಿನಲ್ಲಿ ಗಡಿಗೆ ಬೇಕಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹಿರಿಯ ಕಟ್ಟೆಯಿಂದ, "ಹೇಳತೀಯೇನವ್ವಾ?" ಎನ್ನುತ್ತಿದ್ದ. ಅವಳು ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಆ ಹಿರಿಯ ಸತ್ತ ಮೇಲೆ ಅವನ ಜಾಗಕ್ಕೆ ಬಂದವನೂ ಅದನ್ನೇ ಕೇಳಿದ.

ಊರು ಆ ಸಂಜೆಗಳನ್ನು ಮರೆಯಲಿಲ್ಲ. ಎಂಥ ನಗು ಅದು ಎಂದು ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕುಂಬಾರ ಮಣ್ಣಿನ ಸೀಟಿಗಳನ್ನು ಮಾಡಿ, ಊದಿದರೆ ಅವಳ ನಗುವಿನ ಹಾಗೇ ಕೇಳಿಸುತ್ತದೆ ಎಂದು ಮಾರಿದ. ಕೇಳಿಸುತ್ತಿರಲಿಲ್ಲ, ಆದರೂ ಎಲ್ಲ ಖರ್ಚಾದವು. ಹೆಣ್ಣು ಕೂಸುಗಳ ತೊಟ್ಟಿಲ ಕೆಳಗೆ ಅವನು ಇಡುವ ಗಡಿಗೆಗಳೂ ಹಾಗೇ ನಡೆದಿದ್ದವು. ಸಿಂಹವನ್ನು ಮಾತ್ರ ಯಾರೂ ನೋಡಲು ಹೋಗಲಿಲ್ಲ. ಹೆಗಲ ಮೇಲೆ ಹೊತ್ತವರು ಊರಬಾಗಿಲಿನಿಂದ ದಾಟುವಾಗ ಕೋಣೆಯ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಅವನನ್ನು ನೋಡಿದರೆ ತಾವೇನು ಮಾಡಿದ್ದೆವೆಂದು ನೆನಪಾಗುತ್ತಿತ್ತೋ ಏನೋ. ಅಷ್ಟು ಒಳ್ಳೆಯತನ ಅವರಿಗಿತ್ತೆಂದು ನಾನು ನಂಬುವುದಿಲ್ಲ.

ಕಡೆಗೆ ತಾಯಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಎದ್ದು ಒಲೆ ಹಚ್ಚಿ ರೊಟ್ಟಿ ಬಡಿದವಳು, ಅವನ್ನು ಬಟ್ಟೆಯಲ್ಲಿ ಕಟ್ಟಿ ಅಲ್ಲೇ ಕುಸಿದಳು. ಊರು ಬಂದು ಮನೆ ತುಂಬಿತು. ಹೊಸ ಹಿರಿಯ ಮಗಳ ಗಡಿಗೆಯನ್ನು ತರಿಸಿ ಹಾಸಿಗೆಯ ಪಕ್ಕ ಇಟ್ಟ. ಅವಳ ಕೈಯನ್ನು ತಾನೇ ಎತ್ತಿ ಗಡಿಗೆಯ ಮೇಲಿಟ್ಟ.

"ಈಗರೇ ಹೇಳವ್ವಾ. ನೀ ಹೋದರ ಆ ಬೀಗ ತಗಿಯಾವ್ರು ಯಾರೂ ಇಲ್ಲ. ನಿನ್ನ ಮಗ ಅಲ್ಲೇ ಸಾಯತಾನ."

ಅವಳ ಕಣ್ಣು ಅತ್ತಿತ್ತ ಹೊರಳಿತು. ತುಟಿ ಅಲುಗಿತು.  ಹಿರಿಯ ಬಗ್ಗಿ ಅವಳ ಬಾಯಿಗೆ ಕಿವಿಯಿಟ್ಟ.

"ಏನಂದಳು? ಏನಂದಳು?" ಎಂದು ಹಿಂದಿದ್ದವರು ಒತ್ತಿ ಬಂದರು.

ಹಿರಿಯ ತಲೆ ಎತ್ತಿದ. "ರೊಟ್ಟಿ ಆರಿ ಹೋಗತಾವು, ಅವಗ ಒಯ್ದು ಕೊಡ್ರಿ ಅಂದಳು," ಎಂದ.

ಇನ್ನೊಂದು ಮಾತು ಬರಬಹುದೆಂದು ಕಾದರು. ಬರಲಿಲ್ಲ. ಕೈ ಗಡಿಗೆಯ ಮೇಲಿಂದ ಜಾರಿತು.

ಒಲೆಯ ಪಕ್ಕದಲ್ಲಿ ಬಟ್ಟೆಯ ಗಂಟು ಇನ್ನೂ ಬೆಚ್ಚಗಿತ್ತು. ಎಲ್ಲರೂ ಅದನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಹೊತ್ತು ಏರಿತು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಊರಬಾಗಿಲ ಕೋಣೆಯಲ್ಲಿ ಮಗ ಎಂದಿನ ಹೊತ್ತಿಗೆ ಕಿಂಡಿಗೆ ಮುಖವಿಟ್ಟು ಕಾದ. ಆ ದಿನ ಅವನಿಗೆ ರೊಟ್ಟಿ ಒಯ್ದವರು ಯಾರೂ ಇಲ್ಲ.